ಅಡುಗೆಮನೆಯ ರೇಡಿಯೊದಿಂದ ಸುಪ್ರೀಂ ಕೋರ್ಟ್‌ವರೆಗೆ: 'ಫೋಕಸ್ ಆನ್ ದ ಫ್ಯಾಮಿಲಿ' ಬೆಳೆದ ಬಗೆ

2025ರ ಆಗಸ್ಟ್ 21ರಂದು ಅಮೆರಿಕದಲ್ಲಿ ಜೇಮ್ಸ್ ಡಾಬ್ಸನ್ ತೀರಿಕೊಂಡರು. 89 ವರ್ಷ ವಯಸ್ಸು. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅಲ್ಲಿ ಮಾತ್ರ ಸುದ್ದಿ ಬಂದ ಕೂಡಲೇ ಜನ ಎರಡು ಪಾಲಾದರು. ಈ ಮನುಷ್ಯನ ಮಾತಿನಿಂದಲೇ ನಮ್ಮ ಸಂಸಾರ ಉಳಿಯಿತು ಅಂತ ಕಣ್ಣೀರು ಹಾಕಿದವರು ಒಂದು ಕಡೆ. ಈತನ ಪುಸ್ತಕ ಓದಿಯೇ ಅಪ್ಪ ಅಮ್ಮ ನಮ್ಮನ್ನು ಹೊಡೆದು ಬೆಳೆಸಿದ್ದು, ಆ ನೋವು ಇನ್ನೂ ಹೋಗಿಲ್ಲ ಅಂದವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡದಿದ್ದರೆ ಅವರು ಕಟ್ಟಿದ 'ಫೋಕಸ್ ಆನ್ ದ ಫ್ಯಾಮಿಲಿ' ಅನ್ನುವ ಎವಾಂಜೆಲಿಕಲ್ ಕ್ರೈಸ್ತರ ಸಂಸ್ಥೆಯೂ ಅರ್ಥವಾಗಲ್ಲ, ಇವತ್ತಿನ ಅಮೆರಿಕದ ರಾಜಕೀಯವೂ ಅರ್ಧ ಮಾತ್ರ ಅರ್ಥವಾಗುತ್ತದೆ.

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ಕ್ರೈಸ್ತರು ಅಂದ ತಕ್ಷಣ ನಮಗೆ ನೆನಪಾಗುವುದು ಮಂಗಳೂರಿನ ಕ್ಯಾಥೊಲಿಕರು, ಇಲ್ಲವೇ ಬಾಸೆಲ್ ಮಿಷನ್ ಹಿನ್ನೆಲೆಯ ಪ್ರಾಟೆಸ್ಟೆಂಟರು. ಅಮೆರಿಕದ ಎವಾಂಜೆಲಿಕಲ್ ಕ್ರೈಸ್ತರು ಪ್ರಾಟೆಸ್ಟೆಂಟರ ಒಳಗಿನದೇ ಒಂದು ದೊಡ್ಡ ಗುಂಪು. ಬೈಬಲ್ಲೇ ಕೊನೆಯ ಮಾತು, ಪ್ರತಿಯೊಬ್ಬರೂ ಯೇಸುವನ್ನು ತಾವಾಗಿ ಒಪ್ಪಿಕೊಂಡು ಹೊಸ ಬದುಕು ಶುರು ಮಾಡಬೇಕು, ಆ ನಂಬಿಕೆಯನ್ನು ಬೇರೆಯವರಿಗೂ ತಲುಪಿಸಬೇಕು. ಸ್ಥೂಲವಾಗಿ ಹೇಳಿದರೆ ಇಷ್ಟು. ಇವರಿಗೆ ಪೋಪ್ ಇಲ್ಲ, ಎಲ್ಲರಿಗೂ ಸೇರಿ ಒಂದು ಆಡಳಿತ ಅಂತಲೂ ಇಲ್ಲ. ಹಾಗಾಗಿ ಒಬ್ಬ ಜನಪ್ರಿಯ ಬೋಧಕ, ಒಂದು ರೇಡಿಯೊ ಕಾರ್ಯಕ್ರಮ, ಒಂದು ಪ್ರಕಾಶನ ಸಂಸ್ಥೆ ಇವರಲ್ಲಿ ಎಷ್ಟೋ ಸಲ ಚರ್ಚಿಗಿಂತ ಜಾಸ್ತಿ ಪ್ರಭಾವ ಬೀರುತ್ತದೆ.

ಡಾಬ್ಸನ್ ಪಾದ್ರಿ ಅಲ್ಲ, ಮನಶ್ಶಾಸ್ತ್ರಜ್ಞ. ನಜರೀನ್ ಪಂಥದ ಬೋಧಕರ ಮಗ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಪಿಎಚ್‌ಡಿ ಮಾಡಿದವರು, ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಇದೇ ಅವರ ಬಲ. ದೇವರ ಮಾತನ್ನು ಡಾಕ್ಟರ ದನಿಯಲ್ಲಿ ಹೇಳುವ ಮನುಷ್ಯ. 1970ರಲ್ಲಿ ಅವರ 'ಡೇರ್ ಟು ಡಿಸಿಪ್ಲಿನ್' ಬಂತು. ಆ ಕಾಲ ಎಂಥದ್ದು ನೋಡಿ. ವಿಯೆಟ್ನಾಂ ಯುದ್ಧ ನಡೆಯುತ್ತಿದೆ. ಕಾಲೇಜುಗಳಲ್ಲಿ ಗಲಾಟೆ, ಎಲ್ಲೆಲ್ಲೂ ಡ್ರಗ್ಸ್ ಸುದ್ದಿ. ತಪ್ಪು ಸಾಬೀತು ಮಾಡದೆಯೇ ವಿಚ್ಛೇದನ ಪಡೆಯಬಹುದಾದ ಕಾನೂನಿಗೆ ಕ್ಯಾಲಿಫೋರ್ನಿಯಾ ರಾಜ್ಯಪಾಲ ರೇಗನ್ 1969ರಲ್ಲಿ ಸಹಿ ಹಾಕಿದ್ದಾರೆ, ಬೇರೆ ರಾಜ್ಯಗಳೂ ಅದೇ ದಾರಿ ಹಿಡಿಯುತ್ತಿವೆ. ಮುಂದೆ ವಿಚ್ಛೇದನದ ಪ್ರಮಾಣ ಏರುತ್ತಲೇ ಹೋಗಿ, 1980ರ ದಶಕದ ಆರಂಭದಲ್ಲಿ ಅದರ ತುದಿ ಮುಟ್ಟಿತು. ಮಕ್ಕಳು ಕೈತಪ್ಪುತ್ತಿದ್ದಾರೆ, ಮನೆ ಒಡೆಯುತ್ತಿದೆ ಅನ್ನುವ ಭಯ ಲಕ್ಷಾಂತರ ತಂದೆತಾಯಿಯರಿಗೆ ಇತ್ತು, ಮತ್ತು ಅದು ಸುಮ್ನೆ ಹುಟ್ಟಿದ ಭಯವಲ್ಲ.

ಆ ಭಯಕ್ಕೆ ಡಾಬ್ಸನ್ ಕೊಟ್ಟ ಮದ್ದು ಶಿಸ್ತು. ಅವರು ಹೇಳಿದ್ದನ್ನು ಸರಿಯಾಗಿಯೇ ಹೇಳಬೇಕು, ಯಾಕಂದರೆ ವಿರೋಧಿಗಳು ಅದನ್ನು ಎಷ್ಟೋ ಸಲ ತಿರುಚುತ್ತಾರೆ. ಮಗು ಹಾಲು ಚೆಲ್ಲಿದರೆ ಹೊಡೆಯಬೇಡಿ, ಅದು ಮಕ್ಕಳ ಸಹಜ ಎಡವಟ್ಟು. ಆದರೆ ಬೇಕೆಂದೇ ಎದುರು ನಿಂತರೆ, ಮಾಡಲ್ಲ ಏನು ಮಾಡ್ತೀಯೋ ಮಾಡು ಅಂತ ಸವಾಲು ಹಾಕಿದರೆ, ಆಗ ಏಟು ಬೀಳಬೇಕು, ನೋವಾಗುವ ಹಾಗೇ ಬೀಳಬೇಕು. ಹೊಡೆಯಲು ಕೈ ಬಳಸಬೇಡಿ, ಕೈ ಇರುವುದು ಮುದ್ದಿಸಲಿಕ್ಕೆ. ಸಣ್ಣ ಕಡ್ಡಿಯನ್ನೋ ಹಲಗೆಯನ್ನೋ ಬಳಸಿ. ಅತ್ತ ಮೇಲೆ ಮಗುವನ್ನು ಅಪ್ಪಿಕೊಂಡು, ನಿನ್ನ ಮೇಲೆ ಪ್ರೀತಿ ಇದೆ ಅಂತ ಹೇಳಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಕೇಳುತ್ತಾ ಬೆಳೆದ ನಮಗೂ ಇದು ತೀರಾ ಹೊರಗಿನ ಮಾತು ಅನ್ನಿಸಲಿಕ್ಕಿಲ್ಲ.

1978ರಲ್ಲಿ ಬಂದ ಅವರ ಮತ್ತೊಂದು ಪುಸ್ತಕ ಹಟಮಾರಿ ಮಕ್ಕಳ ಬಗ್ಗೆ. ಅದರ ಆರಂಭದಲ್ಲೇ ಅವರ ಮನೆಯ ನಾಯಿಯ ಕಥೆ ಬರುತ್ತದೆ. ಸಿಗ್ಗಿ ಅಂತ ಹೆಸರು. ಡ್ಯಾಶ್‌ಹೌಂಡ್ ಜಾತಿಯ ಪುಟ್ಟ ನಾಯಿ, ಐದಾರು ಕಿಲೋ ತೂಗುವಂಥದ್ದು. ಡಾಬ್ಸನ್ ಎರಡು ಮೂರು ದಿನ ಊರಲ್ಲಿರಲಿಲ್ಲ. ವಾಪಸ್ ಬಂದಾಗ ನಾಯಿಗೆ ತಾನೇ ಮನೆ ಯಜಮಾನ ಅನ್ನುವ ಗತ್ತು ಬಂದಿತ್ತಂತೆ. ರಾತ್ರಿ ಮಲಗೋ ಜಾಗಕ್ಕೆ ಹೋಗು ಅಂದರೆ ಬೆಚ್ಚಗಿದ್ದ ಬಚ್ಚಲುಮನೆ ಬಿಟ್ಟು ಕದಲಲಿಲ್ಲ, ಹಲ್ಲು ತೋರಿಸಿ ಗುರುಗುಟ್ಟಿತು. ಡಾಬ್ಸನ್ ಹೋಗಿ ಬೆಲ್ಟ್ ತಂದರು. ಅದು ಕಚ್ಚಲು ಬಂತು, ಇವರು ಹೊಡೆದರು. ಮೂಲೆಯಿಂದ ಮೂಲೆಗೆ ಕಾದಾಟ ನಡೆದು ಕೊನೆಗೆ ನಾಯಿ ಸೋತು ಮಲಗಿತು. ಇದನ್ನೆಲ್ಲ ಹೇಳಿ ಮುಗಿಸಿ ಅವರು ಬರೆಯುತ್ತಾರೆ: ಪುಟ್ಟ ಮಗು ಕೂಡ ಹೀಗೇ ಯಜಮಾನಿಕೆಗೆ ಸವಾಲು ಹಾಕುತ್ತದೆ, ಅಲ್ಲಿ ನೀವು ಸೋಲಬಾರದು.

ನನಗೆ ಇಡೀ ಸಂಸ್ಥೆಯ ಮನಸ್ಸು ಕಾಣುವುದು ಈ ಕಥೆಯಲ್ಲೇ. ಮನೆ ಅಂದರೆ ಮೇಲೆ ಕೆಳಗೆ ಅಂತ ಜೋಡಿಸಿಟ್ಟ ವ್ಯವಸ್ಥೆ. ದೇವರ ಕೆಳಗೆ ಗಂಡ, ಗಂಡನ ಮಾತಿಗೆ ಹೆಂಡತಿ, ತಂದೆತಾಯಿಯ ಮಾತಿಗೆ ಮಕ್ಕಳು. ಬೈಬಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ ಐದನೇ ಮತ್ತು ಆರನೇ ಅಧ್ಯಾಯಗಳನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಅದೇ ಐದನೇ ಅಧ್ಯಾಯ ಗಂಡನಿಗೂ, ಕ್ರಿಸ್ತನು ಸಭೆಗಾಗಿ, ಅಂದರೆ ನಂಬಿದವರ ಸಮುದಾಯಕ್ಕಾಗಿ, ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು ಅನ್ನುತ್ತದೆ. ಆ ಮಾತನ್ನು ನಿಜವಾಗಿ ಪಾಲಿಸಿದ ಗಂಡಂದಿರೂ ಇದ್ದಾರೆ. ಆದರೆ ಅಧಿಕಾರ ಒಬ್ಬನ ಕೈಯಲ್ಲಿ, ಪ್ರೀತಿಸುವುದು ಅವನ ಒಳ್ಳೆಯತನಕ್ಕೆ ಬಿಟ್ಟದ್ದು ಅಂದಾಗ, ಒಳ್ಳೆಯವನಲ್ಲದವನ ಮನೆಯಲ್ಲಿ ಹೆಂಡತಿ ಮಕ್ಕಳು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಆ ವ್ಯವಸ್ಥೆಯೊಳಗೆ ಗಟ್ಟಿ ಉತ್ತರ ನನಗೆ ಸಿಕ್ಕಿಲ್ಲ.

ಫೋಕಸ್ ಆನ್ ದ ಫ್ಯಾಮಿಲಿ ಶುರುವಾಗಿದ್ದು 1977ರಲ್ಲಿ, ಲಾಸ್ ಏಂಜಲೀಸ್ ಹತ್ತಿರದ ಆರ್ಕೇಡಿಯಾದಲ್ಲಿ, ಸಣ್ಣದೊಂದು ಕಚೇರಿ ಮತ್ತು ಒಂದು ರೇಡಿಯೊ ಕಾರ್ಯಕ್ರಮದಿಂದ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿದ ಹೆಂಗಸರು ಕೆಲಸ ಮಾಡುತ್ತಾ ಕೇಳುವ ಕಾರ್ಯಕ್ರಮ. ಎರಡು ವರ್ಷದ ಮಗು ರಚ್ಚೆ ಹಿಡಿದರೆ ಏನು ಮಾಡುವುದು, ಗಂಡ ಮಾತೇ ಆಡಲ್ಲ ಏನು ಮಾಡುವುದು, ಹದಿಹರೆಯದ ಮಗ ಹಾದಿ ತಪ್ಪುತ್ತಿದ್ದಾನೆ ಏನು ಮಾಡುವುದು. ಇದನ್ನೆಲ್ಲ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಕೇಳಿದವರು ಕಾಗದ ಬರೆದರು. ಸಂಸ್ಥೆಯ ನಿಜವಾದ ಜಾಣತನ ಇರುವುದು ಇಲ್ಲೇ. ಬಂದ ಕಾಗದಕ್ಕೆಲ್ಲ ಉತ್ತರ ಹೋಗುತ್ತಿತ್ತು. ಅದಕ್ಕೆಂದೇ ದೊಡ್ಡ ಸಿಬ್ಬಂದಿ ಇತ್ತು. ನಿಮ್ಮ ಕಷ್ಟಕ್ಕೆ ತಕ್ಕ ಪುಸ್ತಿಕೆಯೋ ಕ್ಯಾಸೆಟ್ಟೋ ಬರುತ್ತಿತ್ತು, ದುಡ್ಡಿಲ್ಲ ಅಂದರೂ ಕಳಿಸುತ್ತಿದ್ದರು. ತೀರಾ ಕಷ್ಟದಲ್ಲಿದ್ದವರ ಜೊತೆ ಫೋನಿನಲ್ಲಿ ಮಾತಾಡಲು ಆಪ್ತಸಲಹೆಗಾರರಿದ್ದರು. ಅಂಚೆ ಎಷ್ಟು ಬರುತ್ತಿತ್ತು ಅಂದರೆ ಮುಂದೆ ಕೊಲರಾಡೊ ರಾಜ್ಯದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಹೋದ ಮೇಲೆ ಈ ಒಂದು ಸಂಸ್ಥೆಗೇ ಪ್ರತ್ಯೇಕ ಪಿನ್‌ಕೋಡ್ ಸಿಕ್ಕಿತು, 80995.

ಯೋಚನೆ ಮಾಡಿ. ಗಂಡನಿಗೂ ಹೇಳದ, ಪಾದ್ರಿಗೂ ಹೇಳದ ಸಂಕಟವನ್ನು ಒಬ್ಬ ಹೆಂಗಸು ಕಾಗದದಲ್ಲಿ ಬರೆದಿದ್ದಾಳೆ. ಅದಕ್ಕೆ ಮರ್ಯಾದೆಯಿಂದ ಉತ್ತರ ಬಂದಿದೆ. ಆಮೇಲೆ ಅದೇ ದನಿ ಒಂದು ದಿನ ರೇಡಿಯೊದಲ್ಲಿ, ವಾಷಿಂಗ್ಟನ್‌ನಲ್ಲಿ ನಿಮ್ಮ ಮನೆಗೆ ಅಪಾಯ ತರುವ ಕಾನೂನು ಬರುತ್ತಿದೆ, ಈಗಲೇ ಫೋನ್ ಮಾಡಿ ಅಂತ ಹೇಳಿದರೆ ಅವಳು ಮಾಡದೆ ಇರುತ್ತಾಳಾ? ಯಾವ ಪಕ್ಷದ ಕಾರ್ಯಕರ್ತನಿಗೂ ಸಿಗದ ನಂಬಿಕೆ ಅದು.

1994ರ ಫೆಬ್ರವರಿಯಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. ಅಮೆರಿಕದ ಸಂಸತ್ತಿನಲ್ಲಿ ಶಿಕ್ಷಣಕ್ಕೆ ಹಣ ಕೊಡುವ ಒಂದು ಮಸೂದೆ ಇತ್ತು, ಎಚ್.ಆರ್. 6 ಅಂತ. ಅದಕ್ಕೆ ಜಾರ್ಜ್ ಮಿಲ್ಲರ್ ಅನ್ನುವ ಸದಸ್ಯ ಸೇರಿಸಿದ ಒಂದು ತಿದ್ದುಪಡಿ, ಪಾಠ ಮಾಡುವವರು ಆಯಾ ವಿಷಯದಲ್ಲಿ ಅರ್ಹತಾಪತ್ರ ಪಡೆದಿರಬೇಕು ಅನ್ನುತ್ತಿತ್ತು. ಉದ್ದೇಶ ಸರ್ಕಾರಿ ಶಾಲೆಗಳದ್ದಿರಬಹುದು, ಆದರೆ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ತಂದೆತಾಯಿಯರಿಗೂ ಅದು ಅನ್ವಯವಾದೀತು ಅಂತ ಮನೆಶಾಲೆಯವರ ಸಂಘ ಎಚ್ಚರಿಸಿತು. ಡಾಬ್ಸನ್ ಅದನ್ನು ರೇಡಿಯೊದಲ್ಲಿ ಹೇಳಿದರು. ಲಕ್ಷಗಟ್ಟಲೆ ಕರೆಗಳು ಬಂದು ಸಂಸತ್ತಿನ ಫೋನ್‌ಗಳು ದಿನಗಟ್ಟಲೆ ಜಾಮ್ ಆದವು. ಕೊನೆಗೆ ಆ ಅಂಶ ತೆಗೆಯುವ ಪರವಾಗಿ 424 ಓಟು ಬಿದ್ದವು, ವಿರುದ್ಧ ಒಂದೇ ಒಂದು. ಅದು ಮಿಲ್ಲರ್‌ದೇ. ಅಮೆರಿಕದ ರಾಜಕಾರಣಿಗಳಿಗೆ ಅವತ್ತು ಗೊತ್ತಾಯಿತು, ಈ ರೇಡಿಯೊ ಕೇಳುವವರನ್ನು ಎದುರು ಹಾಕಿಕೊಳ್ಳುವ ಹಾಗಿಲ್ಲ ಅಂತ.

ಸಂಸ್ಥೆ 1991ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದಿತ್ತು. ಊರಿನ ಎಲ್ ಪೋಮಾರ್ ಫೌಂಡೇಶನ್ ಇದಕ್ಕಾಗಿ 40 ಲಕ್ಷ ಡಾಲರ್ ಕೊಟ್ಟಿತ್ತು, ಕುಸಿದಿದ್ದ ಸ್ಥಳೀಯ ಆರ್ಥಿಕತೆಗೆ ಉದ್ಯೋಗ ಬರಲಿ ಅಂತ. ಬಂದ ಮರುವರ್ಷವೇ ಕೊಲರಾಡೊದಲ್ಲಿ 'ಎರಡನೇ ತಿದ್ದುಪಡಿ' ಜನಮತಕ್ಕೆ ಬಂತು. ಸಲಿಂಗಿಗಳಿಗೆ ತಾರತಮ್ಯದಿಂದ ರಕ್ಷಣೆ ಕೊಡುವ ನಿಯಮವನ್ನು ರಾಜ್ಯದ ಯಾವ ಊರೂ ಮಾಡುವ ಹಾಗಿಲ್ಲ, ಮಾಡಿದ್ದರೆ ಅದು ರದ್ದು ಅನ್ನುವ ತಿದ್ದುಪಡಿ. ಅದನ್ನು ತಂದದ್ದು ಬೇರೊಂದು ಸ್ಥಳೀಯ ಗುಂಪು, ಫೋಕಸ್ ಬೆಂಬಲಿಸಿತು. ಸುಮಾರು 53 ಶೇಕಡಾ ಓಟಿನಿಂದ ಗೆದ್ದಿತು. 1996ರಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಅದನ್ನು ಹೊಡೆದುಹಾಕಿತು.

ಈ ಸೋಲು ನಡೆಯುತ್ತಿದ್ದಾಗಲೇ ಇವರು ಕೋರ್ಟಿನ ದಾರಿಗೂ ಕೈ ಹಾಕಿದ್ದರು. ಡಾಬ್ಸನ್ ಹುಟ್ಟುಹಾಕಿದ ಜಾಲ ಒಂದೇ ಸಂಸ್ಥೆಯದ್ದಲ್ಲ. ವಾಷಿಂಗ್ಟನ್‌ನಲ್ಲಿ ನೀತಿ ನಿರೂಪಣೆಯ ಕೆಲಸಕ್ಕೆ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್, ರಾಜ್ಯ ರಾಜಧಾನಿಗಳಲ್ಲಿ ಲಾಬಿ ಮಾಡಲು ಕುಟುಂಬ ನೀತಿ ಮಂಡಳಿಗಳು, ಚುನಾವಣೆ ಹೊತ್ತಿಗೆ ದನಿ ಎತ್ತಲು 2004ರಲ್ಲಿ ಶುರುವಾದ ಪ್ರತ್ಯೇಕ ಘಟಕ. ದಾನಕ್ಕೆ ತೆರಿಗೆ ವಿನಾಯಿತಿ ಇರುವ ಸಂಸ್ಥೆ ಅಭ್ಯರ್ಥಿಗಳ ಪರ ಪ್ರಚಾರ ಮಾಡುವಂತಿಲ್ಲ ಅನ್ನುವ ಕಾನೂನು ಅಲ್ಲಿದೆ, ಅದಕ್ಕೇ ಇಷ್ಟು ಕವಲು. ಇದರ ಜೊತೆಗೆ ಇನ್ನೂ ಕೆಲವು ಎವಾಂಜೆಲಿಕಲ್ ನಾಯಕರೊಂದಿಗೆ ಸೇರಿ 1994ರಲ್ಲಿ ಕಟ್ಟಿದ ವಕೀಲರ ಸಂಸ್ಥೆಯೇ ಈಗಿನ 'ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ'. ನನ್ನ ಪ್ರಕಾರ ಡಾಬ್ಸನ್ ಬಿಟ್ಟುಹೋದದ್ದರಲ್ಲಿ ಅತಿ ಗಟ್ಟಿಯಾದದ್ದು ಇದೇ. ಗರ್ಭಪಾತದ ಹಕ್ಕಿಗೆ ಇದ್ದ ಸಾಂವಿಧಾನಿಕ ರಕ್ಷಣೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತಲ್ಲ, ಆ ಪ್ರಕರಣದ ಮೂಲವಾದ ಮಿಸಿಸಿಪ್ಪಿ ಕಾನೂನನ್ನು ರೂಪಿಸಲು ನೆರವಾದದ್ದು ಈ ವಕೀಲರು. ರೇಡಿಯೊ ಕಾರ್ಯಕ್ರಮ ಶುರುವಾಗಿ ಅಷ್ಟು ಹೊತ್ತಿಗೆ 45 ವರ್ಷ ಆಗಿತ್ತು. ಇಷ್ಟು ತಾಳ್ಮೆಯ ಕೆಲಸ ಬೇರೆ ಚಳವಳಿಗಳಲ್ಲಿ ನಾನು ಕಂಡಿದ್ದು ಕಡಿಮೆ.

ಇಷ್ಟೆಲ್ಲ ಯಾವ ಕುಟುಂಬಕ್ಕಾಗಿ? 'ಸಾಂಪ್ರದಾಯಿಕ ಕುಟುಂಬ' ಅಂದಾಗ ಇವರ ಮನಸ್ಸಿನಲ್ಲಿರುವುದು ಗಂಡ, ಹೆಂಡತಿ, ಅವರ ಮಕ್ಕಳು, ಸ್ವಂತ ಮನೆ, ದುಡಿಯುವ ಅಪ್ಪ, ಮನೆ ನೋಡಿಕೊಳ್ಳುವ ಅಮ್ಮ. ಇದು ಬೈಬಲ್ ಕಾಲದ ಕುಟುಂಬವಲ್ಲ. ಅಬ್ರಹಾಮ, ಯಾಕೋಬ, ದಾವೀದ ಇವರ ಮನೆಗಳು ಹೇಗಿದ್ದವು, ಎಷ್ಟು ಹೆಂಡತಿಯರಿದ್ದರು ಅಂತ ಬೈಬಲ್ ಓದಿದವರಿಗೆ ಗೊತ್ತು. ಎರಡನೇ ಮಹಾಯುದ್ಧದ ಮೇಲೆ ಒಬ್ಬನ ಸಂಬಳದಲ್ಲಿ ಮನೆ, ಕಾರು, ಸಂಸಾರ ಎಲ್ಲ ನಡೆಯುತ್ತಿದ್ದ ಕೆಲವೇ ದಶಕಗಳ, ಅದೂ ಮುಖ್ಯವಾಗಿ ಬಿಳಿಯರ ಬಡಾವಣೆಗಳ ಅಮೆರಿಕದಲ್ಲಿ ಗಟ್ಟಿಯಾದ ಚಿತ್ರ ಇದು. ಅಜ್ಜಿ, ತಾತ, ಚಿಕ್ಕಪ್ಪ, ಅತ್ತೆ ಎಲ್ಲ ಇರುವ ಮನೆಯೇ ಸಂಪ್ರದಾಯ ಅಂತ ತಿಳಿದ ನಮಗೆ ಇದರಲ್ಲಿ ಅರ್ಧ ಜನವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ನಿಲುವುಗಳೂ ಹಾಗೇ. ಎಲ್ಲವೂ ಮೊದಲಿನಿಂದ ಇದ್ದವಲ್ಲ. ಗರ್ಭಪಾತವನ್ನೇ ನೋಡಿ. ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟೆಂಟ್ ಪಂಥವಾದ ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ ಒಂದು ನಿರ್ಣಯ ಮಾಡಿದ್ದರು. ಅತ್ಯಾಚಾರ, ರಕ್ತಸಂಬಂಧದಲ್ಲಾದ ಗರ್ಭ, ಭ್ರೂಣದ ತೀವ್ರ ದೋಷ, ತಾಯಿಯ ದೇಹ ಮನಸ್ಸಿನ ಆರೋಗ್ಯಕ್ಕೆ ಹಾನಿ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಲಿ ಅಂತ. ಹತ್ತು ವರ್ಷದೊಳಗೆ ಅದೇ ಪಂಥ ತದ್ವಿರುದ್ಧ ದಿಕ್ಕಿಗೆ ತಿರುಗಿತ್ತು. ನಿಲುವು ಬದಲಾಗುವುದು ತಪ್ಪಲ್ಲ. ಆದರೆ ಮಧ್ಯದಲ್ಲಿ ಕಟ್ಟಿದ್ದನ್ನು ಅನಾದಿ ಕಾಲದಿಂದ ಬಂದದ್ದು ಅಂತ ಹೇಳಿದರೆ, ಅದರ ಬಗ್ಗೆ ಚರ್ಚೆ ಮಾಡುವ ಬಾಗಿಲೇ ಮುಚ್ಚಿಹೋಗುತ್ತದೆ.

ಈ ಚಿತ್ರದೊಳಗೆ ಹೊಂದದ ಮಕ್ಕಳಿಗೆ ಏನಾಯಿತು ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ಮನೋವೈದ್ಯರು ತೆಗೆದದ್ದು 1973ರಲ್ಲಿ. ಡಾಬ್ಸನ್ ಅದನ್ನು ಒಪ್ಪಲೇ ಇಲ್ಲ. ಫೋಕಸ್ 1998ರಿಂದ 'ಲವ್ ವನ್ ಔಟ್' ಅಂತ ಊರೂರಲ್ಲಿ ಸಮಾವೇಶ ನಡೆಸಿತು, ಪ್ರಾರ್ಥನೆ ಮತ್ತು ಸಲಹೆಯಿಂದ ಸಲಿಂಗ ಒಲವು ಬದಲಾಗುತ್ತದೆ ಅನ್ನುವ ಸಂದೇಶ ಕೊಡಲು. ಇದರ ಮುಖವಾಗಿದ್ದವರು ಜಾನ್ ಪಾಲ್ಕ್. ತಾನು ಬದಲಾಗಿದ್ದೇನೆ, ಮದುವೆಯಾಗಿ ಸುಖವಾಗಿದ್ದೇನೆ ಅಂತ ಹೇಳುತ್ತಿದ್ದವರು, ಹೆಂಡತಿ ಜೊತೆ ನ್ಯೂಸ್‌ವೀಕ್ ಮುಖಪುಟದಲ್ಲಿ ಬಂದವರು. 2000ದಲ್ಲಿ ವಾಷಿಂಗ್ಟನ್‌ನ ಸಲಿಂಗಿಗಳ ಬಾರ್‌ನಲ್ಲಿ ಅವರ ಫೋಟೊ ತೆಗೆದರು, ದೊಡ್ಡ ರಾದ್ಧಾಂತ ಆಯಿತು. 2013ರಲ್ಲಿ ಅವರೇ ಮುಂದೆ ಬಂದು, ಈ ಚಿಕಿತ್ಸೆ ಕೆಲಸ ಮಾಡಲ್ಲ, ನೋವುಂಡವರ ಕ್ಷಮೆ ಕೇಳುತ್ತೇನೆ ಅಂದರು. ಈ ಸಮಾವೇಶಗಳನ್ನು ಫೋಕಸ್ 2009ರಲ್ಲಿ ಎಕ್ಸೋಡಸ್ ಇಂಟರ್‌ನ್ಯಾಶನಲ್ ಅನ್ನುವ ಸಂಸ್ಥೆಗೆ ವಹಿಸಿಕೊಟ್ಟಿತ್ತು. ಆ ಎಕ್ಸೋಡಸ್ ಕೂಡ 2013ರಲ್ಲೇ ಕ್ಷಮೆ ಕೇಳಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಎಷ್ಟು ಹುಡುಗ ಹುಡುಗಿಯರು ತಮ್ಮನ್ನೇ ದ್ವೇಷಿಸಲು ಕಲಿತಿದ್ದರೋ. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಮಕ್ಕಳ ಮೇಲೆ ಪ್ರಾಣ ಇಟ್ಟಿದ್ದ ಅಪ್ಪ ಅಮ್ಮಂದಿರೇ. ಇದನ್ನು ನೆನೆದರೆ ಸಂಕಟವಾಗುತ್ತದೆ.

2022ರ ನವೆಂಬರ್‌ನಲ್ಲಿ ಅದೇ ಕೊಲರಾಡೊ ಸ್ಪ್ರಿಂಗ್ಸ್‌ನ ಕ್ಲಬ್ ಕ್ಯೂ ಅನ್ನುವ ಸಲಿಂಗಿಗಳ ಕ್ಲಬ್‌ನಲ್ಲಿ ಒಬ್ಬ ಗುಂಡು ಹಾರಿಸಿ ಐದು ಜನರನ್ನು ಕೊಂದ. ಕೆಲವು ದಿನಗಳಲ್ಲೇ ಫೋಕಸ್ ಕಚೇರಿಯ ಮುಂದಿನ ಕಲ್ಲಿನ ಫಲಕದ ಮೇಲೆ, ಅವರ ರಕ್ತ ನಿಮ್ಮ ಕೈಗೆ ಅಂಟಿದೆ ಅಂತ ಯಾರೋ ಕಪ್ಪು ಬಣ್ಣದಲ್ಲಿ ಬರೆದರು. ಕೊಲೆಗಾರ ಮಾಡಿದ್ದಕ್ಕೆ ಒಂದು ಸಂಸ್ಥೆಯನ್ನು ನೇರವಾಗಿ ಹೊಣೆ ಮಾಡುವುದನ್ನು ನಾನು ಒಪ್ಪಲ್ಲ. ಆದರೆ ಮೂರು ದಶಕ ಅದೇ ಊರಲ್ಲಿ ಬದುಕಿದ ಸಲಿಂಗಿಗಳು ಆ ಕಟ್ಟಡವನ್ನು ಹೇಗೆ ನೋಡುತ್ತಿದ್ದರು ಅನ್ನುವುದು ಆ ಬರಹದಿಂದ ತಿಳಿಯುತ್ತದೆ.

ಏಟಿನ ವಿಷಯಕ್ಕೂ ಈಗ ಉತ್ತರ ಸಿಕ್ಕಿದೆ. 2016ರಲ್ಲಿ ಇಬ್ಬರು ಸಂಶೋಧಕರು, ಒಂದೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಒಳಗೊಂಡ 75 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇರೆ ಹಿಂಸೆಯ ಮಾತಲ್ಲ, ಕುಂಡೆಗೆ ಕೊಡುವ ಏಟಿನ ಮಾತು. ಅದರ ಜೊತೆ ಕಂಡದ್ದು ಹಟ, ಆಕ್ರಮಣಶೀಲತೆ, ಮಾನಸಿಕ ತೊಂದರೆ ಜಾಸ್ತಿಯಾಗುವುದೇ ಹೊರತು ಕಡಿಮೆಯಾಗುವುದಲ್ಲ. 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಹೊಡೆಯಬೇಡಿ ಅಂತಲೇ ಸ್ಪಷ್ಟವಾಗಿ ಹೇಳಿತು. ಡಾಬ್ಸನ್ ಹಾಕಿದ್ದ ಷರತ್ತುಗಳೆಲ್ಲ ಪುಸ್ತಕದಲ್ಲಿ ಚೆನ್ನಾಗಿಯೇ ಇದ್ದವು. ದಣಿದು ಸಿಟ್ಟಿನಲ್ಲಿರುವ ತಂದೆಯ ಕೈಗೆ ಬೆಲ್ಟ್ ಬಂದಾಗ ಷರತ್ತು ಯಾರಿಗೆ ನೆನಪಿರುತ್ತದೆ?

ಒಳ್ಳೆಯದನ್ನೂ ಹೇಳಬೇಕು. ಸರ್ಕಾರದ ಆಶ್ರಯದಲ್ಲಿ ದತ್ತು ಹೋಗಲು ಕಾಯುತ್ತಿರುವ, ವಯಸ್ಸಾದ ಕಾರಣಕ್ಕೋ ಅಂಗವೈಕಲ್ಯದ ಕಾರಣಕ್ಕೋ ಯಾರೂ ಕೇಳದ ಮಕ್ಕಳಿಗಾಗಿ ಫೋಕಸ್ 2008ರಲ್ಲಿ ಕೊಲರಾಡೊದಲ್ಲಿ 'ವೇಟ್ ನೋ ಮೋರ್' ಶುರು ಮಾಡಿತು. ಚರ್ಚುಗಳ ಕುಟುಂಬಗಳನ್ನು ಸೇರಿಸಿ, ಸರ್ಕಾರದ ಅಧಿಕಾರಿಗಳನ್ನೂ ಅಲ್ಲೇ ಕೂರಿಸಿ, ಅವತ್ತೇ ಅರ್ಜಿ ಹಾಕಿಸುವ ಸಭೆಗಳು. ಎಷ್ಟೋ ಮಕ್ಕಳಿಗೆ ಮನೆ ಸಿಕ್ಕಿತು. 2005ರಿಂದ ಅಧ್ಯಕ್ಷರಾಗಿರುವ ಜಿಮ್ ಡೇಲಿ ಸ್ವತಃ ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಬೇರೆಯವರ ಮನೆಯಲ್ಲಿ ಬೆಳೆದವರು. ಅವರ ದನಿಯೂ ಮೆದು. ಸಲಿಂಗ ವಿವಾಹದ ವಿಷಯದಲ್ಲಿ ಎಳೆಯ ತಲೆಮಾರನ್ನು ನಾವು ಬಹುಶಃ ಕಳೆದುಕೊಂಡಿದ್ದೇವೆ ಅಂತ 2011ರಲ್ಲೇ ಒಪ್ಪಿಕೊಂಡಿದ್ದರು. ನಿಲುವು ಮಾತ್ರ ಬದಲಾಗಿಲ್ಲ.

ಡಾಬ್ಸನ್ 2010ರಲ್ಲಿ ಹೊರಬಂದು ಬೇರೆ ರೇಡಿಯೊ ಕಾರ್ಯಕ್ರಮ ಮಾಡಿಕೊಂಡರು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಹಗರಣವಾದಾಗ, ದೇಶ ಆಳುವವನಿಗೆ ನಡತೆ ಮುಖ್ಯ ಅಂತ ಬೆಂಬಲಿಗರಿಗೆಲ್ಲ ಪತ್ರ ಬರೆದಿದ್ದ ಇದೇ ಡಾಬ್ಸನ್, 2016ರಲ್ಲಿ ಟ್ರಂಪ್ ಬೆನ್ನಿಗೆ ನಿಂತರು. ಟ್ರಂಪ್ ಈಗಷ್ಟೇ ಹುಟ್ಟಿದ ಕ್ರೈಸ್ತ, ಎಳೆಯ ಕೂಸು ಅಂತ ಸಮರ್ಥನೆ ಕೊಟ್ಟರು. ಅವರನ್ನು ಗೌರವಿಸುತ್ತಿದ್ದ ಎಷ್ಟೋ ಎವಾಂಜೆಲಿಕಲ್ ಮನೆಗಳ ಮಕ್ಕಳು ದೂರವಾದದ್ದು ಇಲ್ಲಿಂದಲೇ. ನಡತೆ ಬಗ್ಗೆ ಪಾಠ ಹೇಳಿದವರೇ ಹೀಗೆ ಮಾಡಿದರೆ ಆ ಪಾಠಕ್ಕೆ ಏನು ಬೆಲೆ ಅಂತ ಅವರು ಕೇಳಿದ್ದು ನ್ಯಾಯವೇ.

ಸಂಸ್ಥೆ ಈಗಲೂ ದೊಡ್ಡದೇ, ವರ್ಷದ ಆದಾಯ ಹತ್ತು ಕೋಟಿ ಡಾಲರ್ ಮೀರುತ್ತದೆ. ಮೊದಲಿನ ಗಾತ್ರ ಇಲ್ಲ. 2008ರಲ್ಲಿ ಒಂದೇ ಸಲ ಇನ್ನೂರಕ್ಕೂ ಹೆಚ್ಚು ಹುದ್ದೆ ಕಡಿತ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹ ನಿಷೇಧಿಸುವ ಜನಮತಕ್ಕೆ ಐದು ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟ ವರ್ಷವೇ ಅದು. ಆಮೇಲೆ ತೆರಿಗೆ ಇಲಾಖೆಯಿಂದ 'ಚರ್ಚ್' ಅನ್ನುವ ಮಾನ್ಯತೆ ಪಡೆದುಕೊಂಡಿತು. ಅಮೆರಿಕದಲ್ಲಿ ಚರ್ಚುಗಳು ವಾರ್ಷಿಕ ಹಣಕಾಸಿನ ವಿವರವನ್ನು ಸಾರ್ವಜನಿಕವಾಗಿ ಸಲ್ಲಿಸಬೇಕಾಗಿಲ್ಲ. ಜನರ ದೇಣಿಗೆಯಿಂದ ನಡೆಯುವ, ಕಾನೂನು ಬದಲಿಸಲು ಓಡಾಡುವ ಸಂಸ್ಥೆ ಲೆಕ್ಕವನ್ನು ಜನರಿಗೆ ತೋರಿಸಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ಹೊರಗೂ ಇದರ ಕೊಂಬೆಗಳಿವೆ. ಸಿಂಗಾಪುರದಲ್ಲಿ ಫೋಕಸ್‌ನ ಸ್ಥಳೀಯ ಘಟಕ ಕಾಲೇಜು ಮಕ್ಕಳಿಗೆ ನಡೆಸಿದ ಪ್ರೀತಿ-ಸಂಬಂಧಗಳ ಕಾರ್ಯಾಗಾರ 2014ರಲ್ಲಿ ವಿವಾದವಾಯಿತು. ಹುಡುಗಿಯರು ಹೀಗೆ, ಹುಡುಗರು ಹಾಗೆ ಅಂತ ಅಚ್ಚು ಹಾಕುವ ಪುಸ್ತಿಕೆಯ ಬಗ್ಗೆ ವಿದ್ಯಾರ್ಥಿನಿಯೊಬ್ಬಳು ಪ್ರಾಂಶುಪಾಲರಿಗೆ ಬರೆದ ಪತ್ರ ಎಲ್ಲೆಡೆ ಹರಿದಾಡಿತು. ಆ ಕಾರ್ಯಕ್ರಮ ವರ್ಷದ ಕೊನೆಗೆ ನಿಂತಿತು. ಭಾರತದಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಉಳಿಯಲಿ ಅಂತ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕೆಲವು ಕ್ರೈಸ್ತ ಸಂಘಟನೆಗಳೂ ಇದ್ದವು, ಮುಸ್ಲಿಂ ಸಂಘಟನೆಗಳೂ ಇದ್ದವು, ಹಿಂದೂ ಜ್ಯೋತಿಷಿಯೂ ಇದ್ದರು. ಈ ವಿಷಯಕ್ಕೆ ಬಂದರೆ ಧರ್ಮಗಳ ಜಗಳ ಎಲ್ಲ ಮರೆತುಹೋಗುತ್ತದೆ. 2018ರಲ್ಲಿ ಆ ಅಪರಾಧದ ಹಣೆಪಟ್ಟಿ ಹೋಯಿತು. ಒಲವು ಬದಲಿಸುವ ಚಿಕಿತ್ಸೆ ವೈದ್ಯರು ಮಾಡುವಂತಿಲ್ಲ ಅಂತ 2021ರ ಮದ್ರಾಸ್ ಹೈಕೋರ್ಟ್ ಆದೇಶದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿತು. ಅಮೆರಿಕದಲ್ಲಿ ಅದೇ ಪ್ರಶ್ನೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿತು. ಅಪ್ರಾಪ್ತರಿಗೆ ಇಂಥ ಚಿಕಿತ್ಸೆ ಕೊಡಬಾರದು ಅನ್ನುವ ಕೊಲರಾಡೊದ 2019ರ ಕಾನೂನನ್ನು ಕೊಲರಾಡೊ ಸ್ಪ್ರಿಂಗ್ಸ್‌ನವರೇ ಆದ ಒಬ್ಬ ಆಪ್ತಸಲಹೆಗಾರ್ತಿ ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಪ್ರಶ್ನಿಸಿದರು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ಅವರ ಪರ ನಿಂತದ್ದು ಡಾಬ್ಸನ್ ಕಟ್ಟಲು ನೆರವಾದ ಅದೇ ವಕೀಲರ ಸಂಸ್ಥೆ.

ಮುಂದೆ ಏನು? 2025ರ ಜೂನ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟರು, ಸಲಿಂಗ ವಿವಾಹಕ್ಕೆ ದೇಶದಾದ್ಯಂತ ಮಾನ್ಯತೆ ಕೊಟ್ಟ ಸುಪ್ರೀಂ ಕೋರ್ಟಿನ 2015ರ ತೀರ್ಪು ರದ್ದಾಗಬೇಕು ಅಂತ ನಿರ್ಣಯ ಮಾಡಿದರು. ನವೆಂಬರ್‌ನಲ್ಲಿ ಅಂಥದ್ದೊಂದು ಮನವಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಜನಾಭಿಪ್ರಾಯ ನೋಡಿದರೆ, ಗ್ಯಾಲಪ್ ಸಂಸ್ಥೆಯ 2025ರ ಸಮೀಕ್ಷೆಯಲ್ಲಿ 68 ಶೇಕಡಾ ಅಮೆರಿಕನ್ನರು ಸಲಿಂಗ ವಿವಾಹದ ಪರ ಇದ್ದಾರೆ. ಆದರೆ ರಿಪಬ್ಲಿಕನ್ನರಲ್ಲಿ 2021ರಲ್ಲಿ 55 ಇದ್ದದ್ದು 41ಕ್ಕೆ ಇಳಿದಿದೆ. ಈ ಇಳಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಸದ್ಯಕ್ಕೆ ಫೋಕಸ್ ಮತ್ತು ಅದರ ಜಾಲದವರ ಜಾಸ್ತಿ ಬಲ ಹೋಗುತ್ತಿರುವುದು 'ತಂದೆತಾಯಿಯರ ಹಕ್ಕು' ಅನ್ನುವ ಕಡೆಗೆ. ಅಮೆರಿಕದ ಕನ್ನಡಿಗರಿಗೂ ಇದು ನೇರವಾಗಿ ತಟ್ಟುವುದು ಇಲ್ಲೇ. ಮೇರಿಲ್ಯಾಂಡ್‌ನ ಮಾಂಟ್ಗೊಮೆರಿ ಕೌಂಟಿಯಲ್ಲಿ ಭಾರತೀಯ ಕುಟುಂಬಗಳು ಬೇಕಾದಷ್ಟಿವೆ. ಅಲ್ಲಿ ಪುಟ್ಟ ಮಕ್ಕಳ ತರಗತಿಗೆ ಸಲಿಂಗಿ ಪಾತ್ರಗಳಿರುವ ಕಥೆಪುಸ್ತಕ ಬಂದಾಗ, ನಮ್ಮ ಮಗುವನ್ನು ಆ ಪಾಠದಿಂದ ಹೊರಗಿಡಲು ಬಿಡಿ ಅಂತ ಕೋರ್ಟಿಗೆ ಹೋದವರು ಮುಸ್ಲಿಂ, ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಕ್ರೈಸ್ತ ತಂದೆತಾಯಿಯರು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಿಂದ ಅವರ ಕಡೆ ನಿಂತಿತು. ಮಗುವಿಗೆ ಯಾವ ವಯಸ್ಸಿನಲ್ಲಿ ಏನು ಹೇಳಬೇಕು ಅನ್ನುವ ಚಿಂತೆ ಯಾವ ಮನೆಯಲ್ಲಿಲ್ಲ ಹೇಳಿ? ಸಿನಿಮಾ ತೋರಿಸುವ ಮೊದಲು ಫೋಕಸ್ ನಡೆಸುವ 'ಪ್ಲಗ್ಡ್ ಇನ್' ವಿಮರ್ಶೆ ನೋಡಿಕೊಂಡರೆ ತಪ್ಪೇನೂ ಇಲ್ಲ, ಬೈಗುಳ ಎಷ್ಟಿದೆ, ಹೊಡೆದಾಟ ಎಷ್ಟಿದೆ ಅಂತ ಅದು ವಿವರವಾಗಿ ಹೇಳುತ್ತದೆ. ಆದರೆ ದುಡ್ಡು ಕೊಡುವ ಮೊದಲು, ಸಹಿ ಹಾಕುವ ಮೊದಲು, ಶಾಲಾ ಮಂಡಳಿಯ ಸಭೆಯಲ್ಲಿ ಇವರ ಪಕ್ಕ ನಿಲ್ಲುವ ಮೊದಲು, ಅದೇ ಜಾಲ ರಾಜ್ಯದ ಶಾಸನಸಭೆಯಲ್ಲಿ ಇನ್ನೂ ಯಾವ್ಯಾವ ಮಸೂದೆಗೆ ಓಟು ಕೇಳುತ್ತಿದೆ ಅಂತ ಓದಿ ನೋಡಿ. ವಿಚ್ಛೇದನದ ಬಗ್ಗೆ, ಗರ್ಭಪಾತದ ಬಗ್ಗೆ, ನಿಮ್ಮ ಮಗನ ಸಹಪಾಠಿಯ ಇಬ್ಬರು ಅಮ್ಮಂದಿರ ಬಗ್ಗೆ ಅವು ಏನು ಹೇಳುತ್ತವೆ ಅಂತ. ಅವೆಲ್ಲ ಆಯಾ ಶಾಸನಸಭೆಯ ವೆಬ್‌ಸೈಟಿನಲ್ಲೇ ಸಿಗುತ್ತವೆ.